ಮಾಸೂರು ಬಸ್ ಸ್ಟ್ಯಾಂಡಿನ ಪ್ಯಾರಿಸ್ ಟವರ್

ಮಾಲತೇಶನಿಗೊಂದು ಕಾಯಿಲೆ ಇತ್ತು. ಯಾರ ಮನೆಯಲ್ಲಿ ಏನೇ ಒಳ್ಳೆಯದಾಗಲಿ, ಅದು ಹತ್ತಡಿ ಅಗಲದ ಫ್ಲೆಕ್ಸಿನಲ್ಲಿ ಬರುವ ತನಕ ಆದಂತೆಯೇ ಅವನಿಗೆ ಅನ್ನಿಸುತ್ತಿರಲಿಲ್ಲ. ಹಿರೇಕೆರೂರಿನ ಬಸ್ ಸ್ಟ್ಯಾಂಡ್ ಎದುರಿಗೇ ಅವನ ಅಂಗಡಿ, ‘ಮಾಲತೇಶ ಡಿಜಿಟಲ್ಸ್’. ಹೀಗಾಗಿ ಕಾಯಿಲೆಯೂ ಅಲ್ಲೇ, ಮದ್ದೂ ಅಲ್ಲೇ. ಹೋರಿ ಹಬ್ಬದಲ್ಲಿ ಯಾರ ಕೈಗೂ ಸಿಗದೆ ಓಡಿದ ಹೋರಿಗೆ ಅವನು ಮಾಡಿಕೊಡುತ್ತಿದ್ದ ಫ್ಲೆಕ್ಸಿಗಾಗಿ ಹಾನಗಲ್ಲಿನಿಂದಲೂ ಜನ ಬರುತ್ತಿದ್ದರು. ಹೋರಿಯ ಫೋಟೋ ದೊಡ್ಡದು, ಮಾಲೀಕನದು ಅದರ ಕಾಲಿನ ಹತ್ತಿರ ಚಿಕ್ಕದು. ಎಲ್ಲಕ್ಕೂ ಕೆಳಗೆ, ಮೂಲೆಯಲ್ಲಿ, ಅಂಗಡಿಯ ಹೆಸರು ಮತ್ತು ಅವನ ಮೊಬೈಲ್ ನಂಬರ್. ಅದೊಂದನ್ನು ಮಾತ್ರ ಅವನು ಯಾವ ಫ್ಲೆಕ್ಸಿನಲ್ಲೂ ಮರೆತವನಲ್ಲ.

ಇಂಥವನ ಸ್ವಂತ ಅಕ್ಕನ ಮಗಳು ಯುರೋಪಿಗೆ ಓದಲು ಹೊರಟರೆ ಸುಮ್ಮನಿರುತ್ತಾನೆಯೇ?

ಅಕ್ಕ ಶಾರವ್ವ, ಭಾವ ಮಾರೆಪ್ಪ, ಇಬ್ಬರೂ ಮಾಸೂರಿನವರು. ಮಾರೆಪ್ಪ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಶಾರವ್ವ ಬೀಜದ ಕಂಪನಿಯವರ ಹೊಲಗಳಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಕೈಯಿಂದಲೇ ಸವರಿ, ಸವರಿದ ಹೂವಿಗೆ ಗುರುತಿನ ದಾರ ಕಟ್ಟುವ ಕೆಲಸ ಅದು. ರಜೆ ಬಂದಾಗೆಲ್ಲ ಅವ್ವನ ಹಿಂದೆ ಹೋಗಿ ದಾರ ಕಟ್ಟುತ್ತ ಬೆಳೆದವಳು ವಿದ್ಯಾಶ್ರೀ. ಕೃಷಿ ಪದವಿ ಮುಗಿಸಿದ ಮೇಲೆ, ಓದಿದರೆ ಬೀಜದ ವಿಷಯವನ್ನೇ ಓದಬೇಕು, ಅದೂ ಅದಕ್ಕೆ ಹೆಸರಾದ ಕಡೆಗೇ ಹೋಗಿ ಓದಬೇಕು ಎಂದು ಹಟ ಹಿಡಿದಳು.

ಮಾಲತೇಶ ಮೊದಲು ಅವಳನ್ನು ಕರೆದುಕೊಂಡು ಹೋದದ್ದು ಶಿಗ್ಗಾಂವಿಗೆ. ಅಲ್ಲಿ ಚನ್ನೇಶ ಎಂಬವನು ‘ಗರುಡ ಓವರ್‌ಸೀಸ್’ ಎಂದು ಬೋರ್ಡು ಹಾಕಿಕೊಂಡು, ಹೊರದೇಶಕ್ಕೆ ಓದಲು ಕಳಿಸುವ ಧಂದೆ ನಡೆಸುತ್ತಿದ್ದ. ಅವನ ಫ್ಲೆಕ್ಸುಗಳನ್ನೆಲ್ಲ ಮುದ್ರಿಸಿಕೊಟ್ಟವನು ಮಾಲತೇಶನೇ ಆದ್ದರಿಂದ ಚಹಾ ಏನೋ ಬೇಗ ಬಂತು. ಮಾತು ಮಾತ್ರ ಗಂಟಲಲ್ಲಿ ಇಳಿಯುವಂಥದ್ದಾಗಿರಲಿಲ್ಲ.

“ಮಾಲತೇಶಣ್ಣ, ಯುರೋಪ್ ಅಂದ್ರ ಹುಡುಗಾಟಲ್ಲ,” ಎಂದ ಚನ್ನೇಶ. “ಹೊಲ ಇದ್ದವರು ಹೊಲ ಮಾರಿ ಕಳಸ್ತಾರ. ನಿಮ್ಮ ಅಕ್ಕಾರಿಗೆ ಮಾರಾಕ ಹೊಲಾನೂ ಇಲ್ಲ.”

ಹೊರಗೆ ಬಂದ ಮೇಲೆ ಮಾಲತೇಶನಿಗೆ ಅವನ ಕಪಾಳಕ್ಕೆ ಒಂದು ಬಿಡಬೇಕೆನ್ನಿಸಿತು. ಕೈ ಜೇಬಿನಲ್ಲೇ ಇಟ್ಟುಕೊಂಡ. ವಿದ್ಯಾಶ್ರೀ ಮಾತ್ರ ಬಸ್ಸಿನ ದಾರಿಯುದ್ದಕ್ಕೂ ಮೊಬೈಲಿನಲ್ಲಿ ಏನೋ ಓದುತ್ತ ಕೂತಿದ್ದಳು. ಮರುದಿನ ಅಂಗಡಿಗೆ ಬಂದು, ಹೋರಿಯೊಂದರ ಕೊಂಬಿಗೆ ಬಣ್ಣ ತುಂಬುತ್ತಿದ್ದ ಮಾವನನ್ನು ಪಕ್ಕಕ್ಕೆ ಸರಿಸಿ, ಕಂಪ್ಯೂಟರಿನ ಮುಂದೆ ತಾನೇ ಕೂತಳು.

“ಮಾವಾ, ಅವರು ಹೇಳಿದ್ದು ಖಾಸಗಿ ಕಾಲೇಜಿಂದು. ಅಲ್ಲಿ ಸರ್ಕಾರಿ ಯೂನಿವರ್ಸಿಟಿ ಅದಾವು. ಜರ್ಮನಿಯೊಳಗ ಭಾಳ ಕಡೆ ಫೀನ ಇಲ್ಲ. ಇಟಲಿಯೊಳಗ ಮನಿ ಆದಾಯ ನೋಡಿ ಫೀ ಹಾಕ್ತಾರ, ನಮ್ಮಂಥವರಿಗೆ ಮಾಫ್ ಆಗತೈತಿ. ಮ್ಯಾಲೆ ಅವರ ಸ್ಕಾಲರ್‌ಶಿಪ್ ಸಿಕ್ರ ಊಟಕ್ಕ, ರೂಮಿಗೆ ಅದರಾಗ ನಡಿತೈತಿ.”

“ನಾವು ಬಡವರು ಅಂತ ಇಟಲಿಯವರಿಗೆ ಹೆಂಗ ಗೊತ್ತಾಗಬೇಕು?”

“ನಮ್ಮ ತಹಶೀಲ್ದಾರ್ ಆಫೀಸಿನ ಆದಾಯದ ಸರ್ಟಿಫಿಕೇಟು ಕಳಸಬೇಕು. ಅವರ ಭಾಷೆಗೆ ಮಾಡಿಸಿ, ಸಿಕ್ಕಾ ಹಾಕಿಸಿ.”

ಮಾಲತೇಶ ಪರದೆಯ ಹತ್ತಿರ ಬಗ್ಗಿದ. “ಅಂದ್ರ ಬಡತನಕ್ಕ ಮರ್ಯಾದಿ ಕೊಡೂ ಊರು ಒಂದರ ಐತಿ ಅಂತಾತು,” ಎಂದ.

ಶಾರವ್ವನಿಗೆ ಇದೆಲ್ಲ ಸುಲಭಕ್ಕೆ ನಂಬಿಕೆಯಾಗಲಿಲ್ಲ. “ಪುಕ್ಕಟ ಓದಸ್ತಾರಂದ್ರ ಏನೋ ಐತಿ. ಕಿಡ್ನಿ ಗಿಡ್ನಿ ತಗೋತಾರೇನ ಸರಿಯಾಗಿ ಕೇಳವ್ವ,” ಎಂದಳು. ವಿದ್ಯಾಶ್ರೀ ನಗಲಿಲ್ಲ. ಅಲ್ಲಿಯ ಮಂದಿ ಕಟ್ಟಿದ ತೆರಿಗೆಯಿಂದ ಆ ಕಾಲೇಜುಗಳು ನಡೆಯುವುದನ್ನು, ಹೊರಗಿನಿಂದ ಬಂದವರಿಗೂ ಅದೇ ನಿಯಮ ಇರುವುದನ್ನು ಒಲೆಯ ಮುಂದೆ ಕೂತು ಹೇಳಿದಳು. ಶಾರವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಕೇಳಿದಳು, ಕೊನೆಗೆ “ಹಂಗಾದ್ರ ಹೋಗು” ಎಂದಳು.

ಬೇಸಿಗೆ ಮುಗಿಯುವುದರೊಳಗೆ ಇಟಲಿಯ ಪಾದೋವಾ ಎಂಬ ಊರಿನ ವಿಶ್ವವಿದ್ಯಾಲಯ ಅವಳನ್ನು ಸೇರಿಸಿಕೊಂಡಿತು. ವಿಮಾನಕ್ಕೆ ಮತ್ತು ಮೊದಲ ತಿಂಗಳುಗಳ ಖರ್ಚಿಗೆ ಬ್ಯಾಂಕಿನವರು ಸಾಲ ಕೊಟ್ಟರು. ಇರಲು ಒಂದು ಕೋಣೆಯನ್ನೂ ಅವಳು ಇಂಟರ್ನೆಟ್ಟಿನಲ್ಲೇ ಗೊತ್ತು ಮಾಡಿಕೊಂಡಳು. ಬೆಂಗಳೂರಿಗೆ ಹೋಗಿ ವೀಸಾಕ್ಕೆ ಕಾಗದ ಕೊಟ್ಟು ಬಂದದ್ದೂ ಆಯಿತು. ಇನ್ನು ವೀಸಾ ಬರುವುದೊಂದೇ ಬಾಕಿ. ಯಾರಾದರೂ ಸರಿಯಿದ್ದವರಾಗಿದ್ದರೆ ಅದು ಬರುವ ತನಕ ಕಾಯುತ್ತಿದ್ದರು.

ನಮ್ಮ ಮಾಲತೇಶ ಕಾಯಲಿಲ್ಲ. ಮಾಸೂರಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ಬೆಳಿಗ್ಗೆ ಫ್ಲೆಕ್ಸ್ ನಿಂತೇಬಿಟ್ಟಿತು. ಮೇಲ್ಗಡೆ ಒಂದು ಬದಿಗೆ ಬುದ್ಧ, ಇನ್ನೊಂದು ಬದಿಗೆ ಬಾಬಾಸಾಹೇಬರು. ನಡುವೆ ಪದವಿಯ ಕಪ್ಪು ಗೌನಿನಲ್ಲಿ ವಿದ್ಯಾಶ್ರೀ. ‘ಇಟಲಿ ದೇಶದ ಪಾದೋವಾ ವಿಶ್ವವಿದ್ಯಾಲಯಕ್ಕೆ ಉನ್ನತ ವ್ಯಾಸಂಗಕ್ಕಾಗಿ ತೆರಳುತ್ತಿರುವ ಮಾಸೂರಿನ ಮಗಳಿಗೆ ಹಾರ್ದಿಕ ಶುಭಾಶಯಗಳು.’ ಶುಭ ಕೋರುವವರು ಸೋದರಮಾವ ಮಾಲತೇಶ, ಕೆಳಗಿನ ಮೂಲೆಯಲ್ಲಿ, ಕೂಲಿಂಗ್ ಗ್ಲಾಸು ಹಾಕಿಕೊಂಡು, ಮೊಬೈಲನ್ನು ಕಿವಿಗೆ ಹಿಡಿದುಕೊಂಡು. ಮತ್ತು ವಿದ್ಯಾಶ್ರೀಯ ಹಿಂದೆ, ಮೇಲಿಂದ ಕೆಳಗಿನ ತನಕ, ಕಬ್ಬಿಣದ ದೊಡ್ಡ ಟವರು. ಚನ್ನೇಶನ ಫ್ಲೆಕ್ಸಿಗೆಂದು ತಂದ ಚಿತ್ರ ಕಂಪ್ಯೂಟರಿನಲ್ಲೇ ಇತ್ತು. ಯುರೋಪ್ ಅಂದಮೇಲೆ ಆ ಟವರ್ ಇರಲೇಬೇಕು ಎಂದು ಅವನು ಅದನ್ನೇ ಎತ್ತಿ ಕೂರಿಸಿದ್ದ.

ವಿದ್ಯಾಶ್ರೀ ಬಂದು ನೋಡಿ ತಲೆಗೆ ಕೈ ಹಚ್ಚಿಕೊಂಡಳು. “ಮಾವಾ, ವೀಸಾ ಇನ್ನೂ ಬಂದಿಲ್ಲ.”

“ಬರತೈತಿ ಬಿಡು. ನಿನಗಲ್ದ ಯಾರಿಗೆ ಕೊಡ್ತಾರ?”

“ಮತ್ತ ಈ ಟವರ್ ಪ್ಯಾರಿಸಿಂದು. ಅದು ಬ್ಯಾರೇ ದೇಶ. ನಾ ಹೊಂಟಿದ್ದು ಇಟಲಿಗೆ.”

“ಮಾಸೂರಾಗ ಯಾರು ನೋಡಿ ಬಂದಾರ?”

ನೋಡಿ ಬಂದವರು ಇರಲಿಲ್ಲ, ಆದರೆ ಗೊತ್ತಿದ್ದವರು ಇದ್ದರು. ತಿಳವಳ್ಳಿಯ ಕಡೆ ಹೊರಟ ಬಸ್ಸಿನ ಕಿಟಕಿಯಿಂದ ಯಾರೋ ಫೋಟೋ ತೆಗೆದು, ‘ಟವರ್ ಪ್ಯಾರಿಸಿಂದು, ಕಾಲೇಜು ಇಟಲಿದು, ಕಂಬ ಮಾಸೂರಿಂದು’ ಎಂದು ಬರೆದು ವಾಟ್ಸಾಪಿಗೆ ಬಿಟ್ಟರು. ಆ ಫೋಟೋ ಹಾನಗಲ್ಲಿನ ಗ್ರೂಪಿನಿಂದ ಶಿಗ್ಗಾಂವಿಯ ಗ್ರೂಪಿಗೆ, ಅಲ್ಲಿಂದ ಬಂಕಾಪುರಕ್ಕೆ, ಬಂಕಾಪುರದಿಂದ ಸವಣೂರಿಗೆ ಹಾರಿತು. ಮೂಲೆಯಲ್ಲಿ ನಂಬರ್ ಇದ್ದೇ ಇತ್ತಲ್ಲ. “ಅಣ್ಣಾ, ನಮ್ಮ ಹೋರಿ ಹಿಂದೂ ಒಂದು ಟವರ್ ನಿಂದರಸ್ರಿ,” ಎಂದು ಫೋನುಗಳು ಬರತೊಡಗಿದವು. ಮೊದಲೆರಡು ದಿನ ಮಾಲತೇಶ ತಾನೂ ನಕ್ಕ. ಹೆಸರು ನಾಲ್ಕು ತಾಲ್ಲೂಕಿಗೆ ಮುಟ್ಟಿತಲ್ಲ ಎಂದು ಒಳಗೊಳಗೇ ಉಬ್ಬಿದ ಕೂಡ.

ಅಷ್ಟರಲ್ಲಿ ವೀಸಾದವರಿಂದ ಮೇಲ್ ಬಂತು. ಪಾದೋವಾದಲ್ಲಿ ಗೊತ್ತು ಮಾಡಿದ್ದ ಕೋಣೆಯ ಯಜಮಾನಿ, ಅವರು ವಿಚಾರಿಸಿದಾಗ, ಮನೆ ತನ್ನ ಮಗನಿಗೇ ಬೇಕಾಗಿದೆ ಎಂದು ಕೈ ಎತ್ತಿದ್ದಳು. ಎಲ್ಲಿ ಇರುತ್ತೀರಿ ಎನ್ನುವುದಕ್ಕೆ ಪುರಾವೆ ಸೋಮವಾರದೊಳಗೆ ಬರದಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ ಎಂದು ವೀಸಾದವರು ಬರೆದಿದ್ದರು. ಮತ್ತೆ ಅರ್ಜಿ ಹಾಕಲು ದಿನ ಸಿಗುವಷ್ಟರಲ್ಲಿ ಅಲ್ಲಿ ತರಗತಿಗಳು ಅರ್ಧ ಮುಗಿದಿರುತ್ತಿದ್ದವು. ಹಾಸ್ಟೆಲಿನ ಕೋಣೆ ಸಿಗುವುದು ಸ್ಕಾಲರ್‌ಶಿಪ್ಪಿನ ಪಟ್ಟಿ ಬಂದ ಮೇಲೆ. ಇಂಟರ್ನೆಟ್ಟಿನ ಬೇರೆ ಕೋಣೆಗಳಿಗೆ ಮುಖ ಕಾಣದವರು ಪೂರ್ತಿ ಅಡ್ವಾನ್ಸ್ ಕೇಳುತ್ತಿದ್ದರು. ಅವಳ ಜೊತೆ ಓದಿದವನೊಬ್ಬ ಹಾಗೆ ಕೊಟ್ಟು ಮೋಸ ಹೋಗಿದ್ದ. ವಿದ್ಯಾಶ್ರೀ ಅಂಗಡಿಯಲ್ಲೇ ಕೂತು ಪಾದೋವಾದ ಮನೆಗಳವರಿಗೆ ಒಂದರ ಹಿಂದೊಂದು ಬರೆದಳು. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ.

ಫೀ ಇಲ್ಲದ ಕಾಲೇಜು ಸಿಕ್ಕಿತ್ತು, ಸಾಲ ಸಿಕ್ಕಿತ್ತು, ಈಗ ಒಂದು ಮಂಚ ಹಾಕುವಷ್ಟು ಜಾಗಕ್ಕೆ ಎಲ್ಲ ನಿಂತುಹೋಗಿತ್ತು. ಮಾಲತೇಶನಿಗೆ ಈಗ ಹೊಳೆಯಿತು. ಹುಡುಗಿ ಹೋಗದಿದ್ದರೆ ಓದು ಹೋಗುವುದಷ್ಟೇ ಅಲ್ಲ, ಇನ್ನು ಮುಂದೆ ಅವಳು ಬಸ್ ಸ್ಟ್ಯಾಂಡಿನಲ್ಲಿ ನಿಂತಾಗೆಲ್ಲ ಜನ ಆ ಟವರನ್ನು ನೆನೆಸಿ ನಗುತ್ತಾರೆ. ಆ ನಗುವನ್ನು ಅವಳ ಬೆನ್ನಿಗೆ ಕಟ್ಟಿದವನು ತಾನೇ. ಹತ್ತಡಿ ಅಗಲ ಮಾಡಿ ಕಟ್ಟಿದ್ದೇನೆ ಎಂದು ಅವನಿಗೆ ಅಳು ಬಂತು.

ಅದೇ ಸಂಜೆ ಹೋಗಿ ಫ್ಲೆಕ್ಸ್ ಬಿಚ್ಚಿದ. ಮಾರೆಪ್ಪ ಅದನ್ನು ಮನೆಗೆ ಒಯ್ದ. ಮಳೆಗೆ ಸೋರುತ್ತಿದ್ದ ಆಡಿನ ಕೊಟ್ಟಿಗೆಯ ಮೇಲೆ ಅದನ್ನು ಹೊದಿಸಿದ, ಯಾರ ಕಣ್ಣಿಗೂ ಬೀಳದಿರಲೆಂದು ಚಿತ್ರದ ಮುಖವನ್ನು ಒಳಗೆ ಮಾಡಿ. ಆಡುಗಳು ಮಾತ್ರ ಮಲಗಿದಲ್ಲಿಂದಲೇ ಪ್ಯಾರಿಸ್ ನೋಡುತ್ತಿದ್ದವು.

“ನೀ ಮಾಡಿದ್ದು ಪ್ರೀತಿಗೆ, ನನಗ ಗೊತ್ತೈತಿ,” ಎಂದಳು ವಿದ್ಯಾಶ್ರೀ. ಅದು ಅವನಿಗೆ ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ಶಿಗ್ಗಾಂವಿಯಿಂದ ಚನ್ನೇಶ ಬೇರೆ ಫೋನ್ ಮಾಡಿದ. “ಟವರ್ ನೋಡಿ ಮಂದಿ ಆಕಿ ನನ್ನ ಕಡೆಯಿಂದ ಹೊಂಟಾಳ ಅಂತ ತಿಳಕೊಂಡಾರ. ಈಗ ಆಕಿ ನಿಂತ್ರ ನನ್ನ ಹೆಸರು ಕೆಡತೈತಿ. ಮೊದ್ಲ ಹೇಳಿದ್ನಲ್ಲ, ಯುರೋಪ್ ಅಂದ್ರ ಹುಡುಗಾಟಲ್ಲ ಅಂತ.”

ಮಾಲತೇಶ ಕಟ್ ಮಾಡಿದ. ಅಲ್ಲಿಂದ ಮುಂದೆ ಗೊತ್ತಿಲ್ಲದ ನಂಬರುಗಳನ್ನು ಎತ್ತುವುದನ್ನೇ ಬಿಟ್ಟ. ಶುಕ್ರವಾರ ಯಾವುದೋ ಹೊರದೇಶದ ನಂಬರಿನಿಂದ ಬೆಲ್ಲಾಯಿತು. ಅಂಥ ನಂಬರ್ ಎತ್ತಿದರೆ ಬ್ಯಾಂಕಿನ ಖಾತೆ ಖಾಲಿಯಾಗುತ್ತದೆಂದು ಎಲ್ಲರೂ ಹೇಳುತ್ತಿದ್ದ ಕಾಲ. ಬೆಲ್ಲು ನಿಂತು ಮತ್ತೆ ಬಂತು, ಮತ್ತೆ ಬಂತು. ಅವನು ಆ ನಂಬರನ್ನು ಬ್ಲಾಕ್ ಮಾಡಿ, ತಾನು ಜಾಣನೆಂದುಕೊಂಡ. ಸ್ವಲ್ಪ ಹೊತ್ತಿಗೆ ಇಲ್ಲಿಯದೇ ಒಂದು ಹೊಸ ನಂಬರು. ಗಿರಾಕಿ ಇರಬಹುದೆಂದು ಎತ್ತಿದ.

“ಅಣ್ಣಾರ, ನಾನು ಸವಣೂರಿನಿಂದ ಮಾತಾಡಾಕತ್ತೇನಿ. ನಿಮ್ಮ ಟವರಿನ ಫ್ಲೆಕ್ಸ್ ನೋಡಿದ್ನಿ…”

ಮುಂದಿನದನ್ನು ಮಾಲತೇಶ ಹೇಳಗೊಡಲಿಲ್ಲ. ಅಷ್ಟು ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಆ ಸವಣೂರಿನವನ ಮೇಲೆ ಸುರಿದು, ಅವನ ಮನೆತನವನ್ನೂ ಬಿಡದೆ ಬೈದು, ಫೋನನ್ನು ಸ್ವಿಚ್ ಆಫ್ ಮಾಡಿ ಡ್ರಾದಲ್ಲಿ ಹಾಕಿದ.

ಶನಿವಾರ ಮಧ್ಯಾಹ್ನ ಜಿಟಿಜಿಟಿ ಮಳೆ. ಒಳಗಿನ ಕಂಪ್ಯೂಟರಿನ ಮುಂದೆ ವಿದ್ಯಾಶ್ರೀ ಕೊನೆಯ ಪ್ರಯತ್ನವೆಂದು ಯಾರಿಗೋ ಬರೆಯುತ್ತಿದ್ದಳು. ಅಂಗಡಿಯ ಮುಂದೆ ಬೈಕು ನಿಂತಿತು. ಜರ್ಕಿನ್ನಿನಿಂದ ನೀರು ಸುರಿಸಿಕೊಳ್ಳುತ್ತ ಒಬ್ಬ ತರುಣ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ, ಚಹಾದ ಜೊತೆ ತಿನ್ನುವ ಸವಣೂರು ಖಾರದ ಪೊಟ್ಟಣ.

“ಮಾಲತೇಶಣ್ಣ ಅಂದ್ರ ನೀವೇನ್ರಿ?”

“ಹೌದು. ಏನಾಗಬೇಕಿತ್ತು?”

“ನಾನು ಜಾಕೀರ. ನಿನ್ನೆ ಫೋನಿನ್ಯಾಗ ನೀವು ಬೈದ್ರಲ್ಲ, ಆ ಸವಣೂರಿನವ.”

ಹೊಡೆಯಲು ಬಂದವನು ಖಾರ ಯಾಕೆ ತಂದ ಎಂಬುದು ಮಾಲತೇಶನಿಗೆ ಅರ್ಥವಾಗಲಿಲ್ಲ. “ಕುಂದರ್ರಿ,” ಎಂದು ಕುರ್ಚಿ ಮುಂದೆ ತಳ್ಳಿದ.

“ಕುಂದರಾಕ ಬಂದಿಲ್ರಿ. ಸೋಮವಾರದ ಮಾತು ಐತೆಂತ ಕೇಳಿ ಓಡಿ ಬಂದೇನಿ. ನಮ್ಮ ಅಕ್ಕ ಸಾಯಿಮಾ ಅದ ಪಾದೋವಾದಾಗ ಪಿಎಚ್‌ಡಿ ಮಾಡಾಕತ್ತಾಳ. ನಗಲೆಂತ ನಿಮ್ಮ ಫ್ಲೆಕ್ಸ್ ಆಕಿಗೆ ಕಳಸಿದ್ನಿ. ನಿನ್ನೆ ನಿಮಗ ಆಕೀನ ಫೋನ್ ಹಚ್ಚಿದ್ಲು. ನೀವು ಬ್ಲಾಕ್ ಮಾಡೀರಿ. ನಾ ಹಚ್ಚಿದ್ನಿ, ಬೈದ್ರಿ. ಮತ್ತೇನು ಮಾಡಲಿ, ಬೈಕ್ ಹತ್ತಿದ್ನಿ. ಮಾಸೂರಿಗೆ ಹೋದ್ನಿ, ಅಲ್ಲಿ ಎಲ್ಲಾ ತಿಳೀತು, ಇಲ್ಲಿಗೆ ಬಂದ್ನಿ.”

ಒಳಗೆ ವಿದ್ಯಾಶ್ರೀಯ ಕುರ್ಚಿ ಸರಿದ ಸದ್ದಾಯಿತು. ಜಾಕೀರ ಅಷ್ಟರಲ್ಲೇ ವಿಡಿಯೋ ಕಾಲ್ ಹಚ್ಚಿದ್ದ. ಪರದೆಯಲ್ಲಿ ತಲೆಗೆ ದುಪಟ್ಟಾ ಹೊದ್ದ ಹೆಣ್ಣುಮಗಳೊಬ್ಬಳು, ಹಿಂದೆ ಅಡುಗೆಮನೆಯ ಗೋಡೆ, ಗೋಡೆಗೆ ತೂಗುಹಾಕಿದ ಬಾಣಲೆ.

“ಆ ಟವರ್ ನೋಡಿ ನಕ್ಕು ನಕ್ಕು ಹೊಟ್ಟಿ ನೋವಾತು,” ಎಂದಳು ಸಾಯಿಮಾ. “ಕೆಳಗ ಪಾದೋವಾ ಅಂತ ಓದಿದ ಮ್ಯಾಲೆ ನಗು ನಿಂತು, ನಮ್ಮ ಕಡೆ ಹುಡುಗಿ ಇಲ್ಲಿಗೇ ಬರಾಕತ್ತಾಳಲ್ಲ ಅಂತ ಅಳು ಬಂತು. ಇಲ್ಲಿ ಕನ್ನಡ ಮಾತಾಡಿ ಎಷ್ಟು ದಿನಾತು ಗೊತ್ತೇನು. ರೂಮ್ ಸಿಕ್ಕೇತಿ, ಇಲ್ಲೋ?”

“ಇಲ್ಲಕ್ಕ,” ಎಂದಳು ವಿದ್ಯಾಶ್ರೀ.

“ನಾವು ಮೂರು ಮಂದಿ ಹುಡುಗ್ಯಾರು ಒಂದು ಮನಿ ಮಾಡೇವಿ. ಒಬ್ಬಾಕಿ ಓದು ಮುಗಿಸಿ ಈ ತಿಂಗಳಾಖೇರಿಗೆ ಹೊಂಟಾಳ. ಮಂಚ ಖಾಲಿ ಐತಿ. ಮನಿಯಾಗ ಅಡಗಿ ಮಾಡಕೊಂಡು, ಮಧ್ಯಾಹ್ನ ಕಾಲೇಜಿನ ಕ್ಯಾಂಟೀನಿನ್ಯಾಗ ಉಂಡು, ಸೆಕೆಂಡ್ ಹ್ಯಾಂಡ್ ಸೈಕಲ್ ಇಟ್ಟಕೊಂಡ್ರ ಇಲ್ಲಿ ಬಾಳೇ ಮಾಡೂದು ನೀ ತಿಳದಷ್ಟು ಕಷ್ಟಿಲ್ಲ. ಈಕಿ ನಮ್ಮ ಮನಿಯಾಗ ಇರ್ತಾಳ ಅಂತ ನಾನು ಬರದು, ಸಹಿ ಮಾಡಿ, ನನ್ನ ಗುರುತಿನ ಕಾರ್ಡು ಹಚ್ಚಿ ಕಳಸ್ತೇನಿ. ವೀಸಾದವರಿಗೆ ಅದು ನಡಿತೈತಿ. ನಾನೂ ಹಂಗ ಬಂದಾಕಿ.”

ಜಾಕೀರನಿಗೆ ತರಿಸಿದ ಚಹಾ ತಣ್ಣಗಾಗುವಷ್ಟರಲ್ಲಿ ಆ ಪತ್ರ ಬಂತು. ಮಾಲತೇಶ ತನ್ನ ಮೆಷಿನ್ನಿನಲ್ಲೇ ಅದನ್ನು ಮುದ್ರಿಸಿದ. ಅಷ್ಟು ಚಿಕ್ಕ ಕಾಗದವನ್ನು ಅಷ್ಟು ಜೋಪಾನವಾಗಿ ಅವನು ಹಿಂದೆಂದೂ ಮುದ್ರಿಸಿರಲಿಲ್ಲ. ಆಮೇಲೆ ಜಾಕೀರನ ಎರಡೂ ಕೈ ಹಿಡಿದುಕೊಂಡು, “ತಪ್ಪಾತಪ್ಪ, ನಿನ್ನ ಮನೆತನಕ್ಕೆಲ್ಲ ಬೈದ್ನಿ,” ಎಂದ.

“ಬೈದಿದ್ದು ಅಕ್ಕಗ ಹೇಳಿಲ್ಲ. ಖಾರ ತಿನ್ರಿ,” ಎಂದ ಜಾಕೀರ.

ಸೋಮವಾರ ಪತ್ರ ಬೆಂಗಳೂರಿಗೆ ಮುಟ್ಟಿತು. ಅದರ ಮುಂದಿನ ವಾರ ಹಿರೇಕೆರೂರಿನ ಕೊರಿಯರ್ ಅಂಗಡಿಯಿಂದ ಕರೆ ಬಂದಾಗ, ವಿದ್ಯಾಶ್ರೀಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಮಾಲತೇಶನೇ ಹೋದ. ಅವಳು ಸಹಿ ಮಾಡಿ ಲಕೋಟೆ ತೆಗೆದುಕೊಂಡಳು, ಆದರೆ ಒಡೆಯಲಿಲ್ಲ; ಅವ್ವನ ಮುಂದೆಯೇ ಒಡೆಯುತ್ತೇನೆ ಎಂದಳು. ಶಾರವ್ವ ಹೊಲದಲ್ಲಿದ್ದಳು. ಅವಳನ್ನು ಕರೆದದ್ದೇ ತಡ, ಜೊತೆಗೆ ಕೆಲಸ ಮಾಡುತ್ತಿದ್ದ ಹೆಂಗಸರೂ ಬದುವಿಗೆ ಬಂದರು. ಬೆರಳಿಗಂಟಿದ ಹೂವಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಶಾರವ್ವ ಕೈ ಮುಂದೆ ಮಾಡಿದಳು. ಮಗಳು ಲಕೋಟೆ ಒಡೆದು, ಪಾಸ್‌ಪೋರ್ಟು ಬಿಡಿಸಿ, ಅವಳ ಕೈಯಲ್ಲಿಟ್ಟಳು.

“ಇದ ಏನು?” ಎಂದು ಶಾರವ್ವ ಅಂಟಿಸಿದ ಚೀಟಿಯ ಮೇಲೆ ಬೆರಳಾಡಿಸಿದಳು.

“ಇದ ಅವ್ವ. ಹೋಗು ಅಂದಾರ.”

ಶಾರವ್ವ ಮಗಳನ್ನು ತಬ್ಬಿಕೊಂಡು ಜೋರಾಗಿ ಅತ್ತಳು. ಹೆಂಗಸರು ನಕ್ಕರು, ಅತ್ತರು, ಒಬ್ಬಳು ಬದುವಿನ ಮೇಲೆ ಕುಣಿದೇಬಿಟ್ಟಳು. ಅವತ್ತು ಆ ಹೊಲದಲ್ಲಿ ಎಷ್ಟೋ ಹೂವುಗಳಿಗೆ ದಾರವಿಲ್ಲದೆ ಹೋಯಿತು, ಕಂಪನಿಯ ಮೇಸ್ತ್ರಿಯೂ ಕೇಳಲಿಲ್ಲ.

ಮಾಲತೇಶನಿಗೆ ಕಾಯಿಲೆ ಮರುಕಳಿಸಿತು. “ಹೊಸಾ ಫ್ಲೆಕ್ಸ್ ಮಾಡ್ತೇನಿ. ಇಟಲಿದೇ ಟವರ್ ಹಾಕ್ತೇನಿ, ಅದೇನೋ ವಾಲಿದ್ದು ಐತಂತಲ್ಲ. ಇಪ್ಪತ್ತಡಿ ಮಾಡ್ತೇನಿ.”

“ಹೊಸದು ಬ್ಯಾಡ ಮಾವಾ,” ಎಂದಳು ವಿದ್ಯಾಶ್ರೀ. “ಹಳೇದನ್ನ ಕಟ್ಟು. ಸರಿಯಾದ ಟವರ್ ಹಾಕಿದ್ರ ಯಾರೂ ನಗ್ತಿರಲಿಲ್ಲ, ಸಾಯಿಮಕ್ಕಗ ಸುದ್ದಿನ ಮುಟ್ಟತಿರಲಿಲ್ಲ. ನನಗ ಮನಿ ಕೊಡಿಸಿದ್ದು ಆ ಟವರ್.”

ಮಾರೆಪ್ಪ ಕೊಟ್ಟಿಗೆಯ ಮೇಲೆ ಹತ್ತಿ ಫ್ಲೆಕ್ಸ್ ಇಳಿಸಿದ. ತೊಳೆದು ಬಿಚ್ಚಿ ನೋಡಿದರೆ ವಿದ್ಯಾಶ್ರೀ ನೆಟ್ಟಗಿದ್ದಳು, ಟವರ್ ನೆಟ್ಟಗಿತ್ತು, ಬುದ್ಧ ಮತ್ತು ಬಾಬಾಸಾಹೇಬರು ನೆಟ್ಟಗಿದ್ದರು. ಕೆಳಗಿನ ಮೂಲೆ ಮಾತ್ರ ಆಡುಗಳ ಬಾಯಿಗೆ ಸಿಕ್ಕಿತ್ತು. ಸೋದರಮಾವನನ್ನು ಕೂಲಿಂಗ್ ಗ್ಲಾಸಿನ ಸಮೇತ ಮೇಯ್ದಿದ್ದವು. ಮೊಬೈಲ್ ನಂಬರಿನ ಹತ್ತಿರ ಬಂದು ಯಾಕೋ ಬಿಟ್ಟಿದ್ದವು.

“ಸಾಕು ಬಿಡ್ರಿ, ಬೇಕಾದ್ದು ಉಳಿದೈತಿ,” ಎಂದ ಮಾಲತೇಶ.

ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಕಟ್ಟುವಾಗ ಹಗ್ಗ ಹಿಡಿಯಲು ಊರೇ ನಿಂತಿತ್ತು. ಜಾಕೀರ ಸವಣೂರಿನಿಂದ ಖಾರ ತಂದಿದ್ದ. ಶಾರವ್ವ ಅದನ್ನು ಚುರುಮುರಿಗೆ ಕಲಸಿ ಎಲ್ಲರ ಕೈಗೂ ಹಾಕಿದಳು. ಬಸ್ಸುಗಳು ನಿಂತು ನೋಡಿ ಹೋದವು. ಟವರನ್ನು ನೋಡಿ ನಕ್ಕವರ ಜೊತೆ ಈ ಸಲ ವಿದ್ಯಾಶ್ರೀಯೂ ಮನಸಾರೆ ನಕ್ಕಳು. ಮಾಲತೇಶ ಕಂಬದ ಮೇಲಿಂದ ಕೊನೆಯ ಗಂಟು ಬಿಗಿದು ಇಳಿಯುತ್ತಿರುವಾಗ ಜೇಬಿನಲ್ಲಿ ಫೋನು ಬೆಲ್ಲು ಹೊಡೆಯಿತು. ಗೊತ್ತಿಲ್ಲದ ನಂಬರು. ಈಗ ಅವನು ಯಾವ ನಂಬರನ್ನೂ ಬಿಡುತ್ತಿರಲಿಲ್ಲ.

“ನಾನು ತಿಳವಳ್ಳಿ ಗುದ್ಲೆಪ್ಪರಿ,” ಎಂದಿತು ಆ ಕಡೆಯ ದನಿ, ಹಿಂಜರಿಯುತ್ತ. “ಈಗ ಬಸ್ಸಿನ್ಯಾಗ ಹೊಂಟಾಗ ನಿಮ್ಮ ಫ್ಲೆಕ್ಸ್ ನೋಡಿದ್ನಿ. ನಗಾಡಾಕ ಫೋನ್ ಮಾಡಿಲ್ರಿ. ನನಗೂ ಮಲ್ಲಿಕಾ ಅಂತ ಒಬ್ಬಾಕಿ ಮಗಳದಾಳ, ಚಲೋ ಓದ್ತಾಳ. ಶಿಗ್ಗಾಂವಿಯವರು ಹೊಲ ಮಾರಬೇಕಾಗತೈತಿ ಅಂದ್ರು. ನಿಮ್ಮ ಹುಡುಗಿ ಏನು ಮಾರಿ ಹೊಂಟಾಳ್ರಿ?”

ಮಾಲತೇಶ ಫ್ಲೆಕ್ಸಿನ ಕಡೆ ತಿರುಗಿ ನೋಡಿದ.

“ಏನೂ ಮಾರಿಲ್ರಿ,” ಎಂದ, ಸುತ್ತ ನಿಂತವರಿಗೆಲ್ಲ ಕೇಳುವಂತೆ. “ಮೊದಲು ತಹಶೀಲ್ದಾರ್ ಆಫೀಸಿಗೆ ಹೋಗಿ ಆದಾಯದ ಸರ್ಟಿಫಿಕೇಟು ತಗೋರಿ. ಆಮ್ಯಾಲೆ ಮಗಳನ್ನ ಕರ್ಕೊಂಡು ನಮ್ಮ ಅಂಗಡಿಗೆ ಬರ್ರಿ, ವಿದ್ಯಾ ಹೋಗೂದ್ರಾಗ ಎಲ್ಲಾ ತೋರಸ್ತಾಳ. ಅದಕ್ಕೂ ಫೀ ಇಲ್ಲ. ಆದ್ರ ಒಂದ ಮಾತು, ಫ್ಲೆಕ್ಸ್ ಮಾತ್ರ ನನ್ನ ಕಡೇನ ಮಾಡಸಬೇಕು. ಅದೂ ವೀಸಾ ಬಂದ ಮ್ಯಾಲೆ.”